ಗೌರಿಯ ಹಣೆಯ ಸುಣ್ಣ

ಕೆಲವರಿಗೆ ಹುಟ್ಟಿನಿಂದಲೇ ನೆಮ್ಮದಿಯಾಗಿ ಕೂರುವ ಅಭ್ಯಾಸವಿರುತ್ತದೆ. ನನಗೆ ಅದಿಲ್ಲ. ಕುರ್ಚಿಯಲ್ಲಿ ಕೂತರೆ ಗ್ಯಾಸ್ ಆರಿಸಿದೆವಾ ಎನಿಸುತ್ತದೆ, ಗ್ಯಾಸ್ ನೋಡಲು ಎದ್ದರೆ ಗೇಟಿನ ಚಿಲಕ ನೆನಪಾಗುತ್ತದೆ, ಗೇಟಿನ ತನಕ ಹೋದರೆ ಬಂದದ್ದು ಯಾಕೆಂಬುದೇ ಮರೆತು, ಬೀದಿಯಲ್ಲಿ ಹೋಗುವವರನ್ನು ‘ಊಟ ಆಯ್ತಾ’ ಎಂದು ಕೇಳಿ ವಾಪಸ್ಸು ಬರುತ್ತೇನೆ. ಇಂಥ ಸ್ವಭಾವದವನು ಜೀವನದಲ್ಲಿ ಮಾಡಬಾರದ ಕೆಲಸವೊಂದಿದೆ. ಕೈಯಲ್ಲಿ ಬರೆದ ಒರಿಜಿನಲ್ ಚಿತ್ರವನ್ನು ಕೊಂಡು ಮನೆಗೆ ತರಬಾರದು. ನಾನು ತಂದುಬಿಟ್ಟೆ.

ತರುವುದಕ್ಕೆ ಕಾರಣ ನನ್ನ ನೌಕರಿ. ಹುಣಸೂರಿನ ಒಂದು ಕಚೇರಿಯಲ್ಲಿ ನಾನು ನಕಲು ಕೊಡುವ ಗುಮಾಸ್ತ. ಜನ ಹಳೆಯ ದಾಖಲೆಗೆ ಅರ್ಜಿ ಹಾಕುತ್ತಾರೆ. ನಾನು ಜೆರಾಕ್ಸ್ ತೆಗೆದು, ‘ಮೂಲದಂತಿದೆ’ ಎಂದು ಮೊಹರು ಒತ್ತಿ ಕೊಡುತ್ತೇನೆ. ಮೂಲ ಬೀರುವಿನಲ್ಲಿರುತ್ತದೆ, ಬೀರುವಿನ ಬೀಗದ ಕೈ ಸಾಹೇಬರ ಜೇಬಿನಲ್ಲಿರುತ್ತದೆ. ಮನೆಗೆ ಬಂದರೂ ಅದೇ ಕಥೆ. ಹಾಲ್‌ನಲ್ಲಿದ್ದ ದೇವರು ಬಟ್ಟೆ ಅಂಗಡಿಯ ಕ್ಯಾಲೆಂಡರಿನವನು. ಅದೇ ದೇವರು ಅದೇ ನಗೆ ನಗುತ್ತಾ ನಮ್ಮ ಬೀದಿಯ ಅರ್ಧ ಮನೆಗಳಲ್ಲಿದ್ದ. ಸೋಫಾದ ಮೇಲೆ ತೂಗುತ್ತಿದ್ದ ಜಲಪಾತವಂತೂ ನಮ್ಮ ಹಲ್ಲಿನ ಡಾಕ್ಟರ ಕೋಣೆಯಲ್ಲೂ ಇತ್ತು. ಅದನ್ನು ಅಲ್ಲಿ ಕಂಡ ಮೇಲೆ, ಮನೆಯಲ್ಲಿ ಕಾಫಿ ಕುಡಿಯುತ್ತಾ ಕತ್ತೆತ್ತಿದರೂ ದವಡೆ ಜುಮ್ಮೆನ್ನುತ್ತಿತ್ತು. ಇಡೀ ಜಗತ್ತಿನಲ್ಲಿ ಒಂದೇ ಒಂದಿರುವ, ಅದು ನನ್ನ ಹತ್ತಿರವೇ ಇರುವ ಒಂದು ವಸ್ತು ಬೇಕು ಎಂಬ ಆಸೆ ನನ್ನೊಳಗೆ ಹೀಗೆ ಹುಟ್ಟಿತು.

ಪಿರಿಯಾಪಟ್ಟಣದಲ್ಲಿ ಒಂದು ಮದುವೆ ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ನಿಂತು ಬಸ್ಸು ಕಾಯುವುದು ನನ್ನಿಂದಾಗದ ಕೆಲಸ. ಸುತ್ತಾಡುತ್ತಾ ಒಂದು ಶಾಲೆಯ ಮುಂದೆ ಬಂದರೆ, ಒಳಗೆ ಖಾದರ್ ಮೇಷ್ಟ್ರು ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಚಿತ್ರಗಳನ್ನು ಸಾಲಾಗಿ ಇಟ್ಟಿದ್ದರು. ಫ್ಯಾನ್ ತಿರುಗುತ್ತಿತ್ತು, ಹೋದೆ. ಒಂದರ ಮುಂದೆ ಕಾಲು ನಿಂತಿತು. ಹೊಗೆಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಹಳೆಯ ಗೂಡು, ಅಂದರೆ ನಮ್ಮ ಕಡೆಯವರ ಬ್ಯಾರನ್ನು; ಅದರ ಮುಂದೆ ಕಟ್ಟಿಹಾಕಿದ ಕೆಂದ ಹಸು. ಹಸು ನಮ್ಮ ಕಡೆಗೇ ತಿರುಗಿ, ಈಗ ತಾನೇ ಯಾರೋ ಹೆಸರು ಹಿಡಿದು ಕರೆದಂತೆ ನೋಡುತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ಬಂದು ನಿಂತು, “ಕೈಯಲ್ಲೇ ಬರೆದದ್ದು ಸರ್, ಪ್ರಿಂಟ್ ಅಲ್ಲ” ಎಂದರು. ಅಷ್ಟು ಸಾಕಾಯಿತು. ಕೊಟ್ಟ ಬೆಲೆಯನ್ನು ನನ್ನ ಹೆಂಡತಿ ಸರೋಜಳಿಗೇ ಸರಿಯಾಗಿ ಹೇಳಿಲ್ಲ. ನಿಮಗೆ ಹೇಳಿದರೆ ಅವಳಿಗೆ ಬೇಜಾರಾಗುತ್ತದೆ.

ಮನೆಯಲ್ಲಿ ಜಲಪಾತವನ್ನು ಇಳಿಸಿ, ಕ್ಯಾಲೆಂಡರನ್ನು ಅಡುಗೆಮನೆಗೆ ವರ್ಗ ಮಾಡಿ ಆ ಜಾಗದಲ್ಲಿ ಚಿತ್ರ ತೂಗುಹಾಕಿದೆ. “ಹಾಲು ಹಾಕಿಸ್ಕೊಂಡಿದ್ದನ್ನ ಇನ್ನು ಎಲ್ಲಿ ಗುರುತು ಮಾಡ್ಲಿ, ಹಸು ಮೇಲೇನಾ?” ಎಂದು ಸರೋಜ ಕೇಳಿದಳು. ನಾನು ಗಂಭೀರನಾಗಿ, ಒರಿಜಿನಲ್ ಕಲೆ ಮನೆಯಲ್ಲಿದ್ದರೆ ಮನಸ್ಸಿಗೆ ಶಾಂತಿ ಎಂದೆ. ಅಂದಿನಿಂದ ಶಾಂತಿ ಹೋದದ್ದು ಇನ್ನೂ ಬಂದಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಿದ್ದು ಬಣ್ಣ ಮಾಸೀತೆಂದು ಕಚೇರಿಯಿಂದ ಸ್ಕೂಟರಿನಲ್ಲಿ ಓಡಿ ಬಂದು ಪರದೆ ಎಳೆದೆ. ಊದುಬತ್ತಿ ಹೊಗೆ ತಗುಲೀತೆಂದು ದೇವರ ಪೂಜೆಯ ಹೊತ್ತಿಗೆ ಬೀಸಣಿಗೆ ಹಿಡಿದು ನಿಂತೆ. ಹಿಂದೆ ಹಲ್ಲಿ ಸೇರಿಕೊಂಡಿದೆಯೆಂದು ಇಳಿಸಿದೆ, ಇಲ್ಲವೆಂದು ಏರಿಸಿದೆ, ಏರಿಸಿದ್ದು ಸೊಟ್ಟಗಾಯಿತೆಂದು ಮತ್ತೆ ಇಳಿಸಿದೆ. ಬಂದ ನೆಂಟರು ಬೆರಳು ಚಾಚಿ “ಇದೇನಿದು?” ಎಂದರೆ ನಾನು ಬೆರಳಿಗೂ ಚಿತ್ರಕ್ಕೂ ನಡುವೆ ಹೋಗಿ ನಿಲ್ಲುತ್ತಿದ್ದೆ. ಜಲಪಾತವಿದ್ದ ಕಾಲದಲ್ಲಿ ನಾನು ಸೋಫಾದಲ್ಲಿ ಒರಗುತ್ತಿದ್ದುದಾದರೂ ಉಂಟು.

ಹೀಗಿರುವಾಗ ಸರೋಜಳ ದೊಡ್ಡವ್ವ ಪುಟ್ಟತಾಯಮ್ಮನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದರು. ನನಗೆ ಅತ್ತೆಯಾಗಬೇಕು. ಪಿರಿಯಾಪಟ್ಟಣದ ಆಚೆ ಒಂದು ಹಳ್ಳಿಯವರು, ಮಾತು ಜೋರು, ಎಲೆ ಅಡಿಕೆ ಅದಕ್ಕಿಂತ ಜೋರು. ಎಲೆಗೆ ಸುಣ್ಣ ಸವರಿದ ಮೇಲೆ ಬೆರಳಿನಲ್ಲಿ ಉಳಿದದ್ದನ್ನು ಪಕ್ಕದ ಕಂಬಕ್ಕೋ ಗೋಡೆಗೋ ಒರೆಸುವುದು ಅವರ ಪದ್ಧತಿ. ಅವರಷ್ಟೇ ಅಲ್ಲ, ನಮ್ಮ ಕಡೆಯ ಹಳೆಯ ಮನೆಗಳ ಕಂಬಗಳನ್ನು ನೋಡಿದರೆ ಎಷ್ಟು ತಲೆಮಾರು ಅಲ್ಲಿ ಕೂತು ಎಲೆ ಹಾಕಿದೆಯೆಂದು ತಿಳಿಯುತ್ತದೆ. ಆಪರೇಷನ್ ಮುಗಿಸಿ, ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಹಾಲ್‌ನಲ್ಲಿ ಕೂತವರು ಒಂದು ಬೆಳಿಗ್ಗೆ ಕನ್ನಡಕ ಮೇಲಕ್ಕೆ ಸರಿಸಿ ಗೋಡೆ ನೋಡಿದರು.

“ಅಳಿಯಂದ್ರೇ! ಇದು ನಮ್ ಗೌರಿ ಕಣ್ರಪ್ಪಾ!”

ನಾನು ಶೇವ್ ಮಾಡಿಕೊಳ್ಳುತ್ತಿದ್ದವನು ಅರ್ಧ ಗಡ್ಡದಲ್ಲಿ ಹೊರಗೆ ಬಂದೆ. ಅತ್ತೆ ಆಗಲೇ ಚಿತ್ರದ ಮುಂದೆ ನಿಂತಿದ್ದರು. “ನೋಡಿ, ಎಡಗಡೆ ಕೊಂಬು ಒಸಿ ಬಗ್ಗದೆ. ಇದು ನಮ್ದೇ ಬ್ಯಾರನ್ನು. ಆದ್ರೆ ಅವಳ ಅಣೆ ಮ್ಯಾಲೆ ಬಿಳೀ ಚುಕ್ಕಿ ಇತ್ತು. ಬರೆದೋನು ಅದ್ನೇ ಬುಟ್ಟವ್ನೆ.” ಎಲ್ಲ ಹಸುಗಳೂ ಒಂದೇ ಥರ ಇರುತ್ತವೆ ಅತ್ತೆ ಎಂದು ಹೇಳಲು ನಾನು ಬಾಯಿ ತೆರೆದೆ. ನನ್ನ ಬಾಯಿ ತೆರೆದಿರುವಾಗಲೇ, ಎಲೆಗೆ ಸವರಿ ಉಳಿದ ಸುಣ್ಣವಿದ್ದ ಬೆರಳನ್ನು ಚಾಚಿ ಹಸುವಿನ ಹಣೆಯ ಮೇಲೆ ಒತ್ತಿದರು. “ಈಗ ಸರಿಯಾಯ್ತು” ಎಂದು ಹಿಂದೆ ಸರಿದು ನೋಡಿ, ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಹೆಂಡತಿಯ ದೊಡ್ಡವ್ವನ ಮೇಲೆ, ಅದೂ ಕಣ್ಣು ಆಪರೇಷನ್ ಆದವರ ಮೇಲೆ ಸಿಟ್ಟು ತೋರಿಸುವ ವಿಧಾನ ನನಗೆ ಗೊತ್ತಿಲ್ಲ. ಅಡುಗೆಮನೆಗೆ ಹೋಗಿ ಸರೋಜಳ ಮೇಲೆ ತೋರಿಸಿದೆ. “ಒರಿಜಿನಲ್ಲು ಕಣೇ! ಹಾಳಾಯ್ತು!” ಎಂದೆ. “ಮೊದ್ಲು ಇನ್ನರ್ಧ ಗಡ್ಡ ತೆಗೀರಿ” ಎಂದಳು. ಸಾಲದ್ದಕ್ಕೆ ಅದೇ ದಿನ ಖಾದರ್ ಮೇಷ್ಟ್ರು ಫೋನ್ ಮಾಡಿ, ಭಾನುವಾರ ಹುಣಸೂರಿಗೆ ಬರುವುದಿದೆ, ಚಿತ್ರ ಹೇಗೆ ಕಾಣುತ್ತಿದೆ ನೋಡಿಕೊಂಡು ಹೋಗುತ್ತೇನೆ ಎಂದರು. ಬರೆದವರ ಮುಂದೆ ಸುಣ್ಣ ಬಳಿದ ಚಿತ್ರವನ್ನು ಯಾವ ಮುಖ ಹೊತ್ತು ತೋರಿಸಲಿ?

ಒದ್ದೆ ಬಟ್ಟೆ ಹಿಡಿದು ಹಾಲ್‌ಗೆ ಹೋದೆ. ಅತ್ತೆ ಚಿತ್ರದ ಎದುರಿಗೇ ಚಾಪೆ ಹಾಕಿಕೊಂಡು ಕೂತಿದ್ದರು. ನನ್ನ ಕಡೆ ತಿರುಗದೆ, ಹಸುವನ್ನೇ ನೋಡುತ್ತಾ ಹೇಳಿದರು: “ಮಂಡಿ ಇಡ್ಕೊಂಡು ಆಲು ಕರೆಯಕ್ಕೆ ಕೂರಕ್ಕಾಗ್ನಿಲ್ಲ ಕಣಪ್ಪ. ಗೌರೀನ ಮಾರ್ಬುಟ್ಟೆ. ಮನೆ ಬುಟ್ಟು ಒಂಟಾಗ ತಿರುಗಿ ನೋಡಿದ್ಲು. ನಂಗೆ ನೋಡಕ್ಕಾಗ್ದೆ ಒಳೀಕೆ ಓಗ್ಬುಟ್ಟೆ. ಈಗ ನೋಡಿ, ಇಲ್ಲಿ ಬಂದು ನಿಂತ್ಕಂಡವ್ಳೆ.” ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಗೆ ಏನಾದರೂ ಕೆಲಸ ಕೊಡಬೇಕಲ್ಲ, ಪಕ್ಕದ ಸ್ವಿಚ್ ಬೋರ್ಡನ್ನು ಒರೆಸಿದೆ. ಸಣ್ಣಗೆ ಶಾಕ್ ಹೊಡೆಯಿತು. ಆ ವಾರವೆಲ್ಲ ಹೀಗೇ ನಡೆಯಿತು. ಅತ್ತೆ ಸ್ನಾನಕ್ಕೆ ಹೋದಾಗ ಒರೆಸಿಬಿಡೋಣ ಎಂದು ಏಳುತ್ತೇನೆ, ಅವರು ಬಂದು ಹಣೆ ಬೋಳಾಗಿರುವುದನ್ನು ನೋಡಿದರೆ ಎಂದು ಕೂರುತ್ತೇನೆ, ಮೇಷ್ಟ್ರ ಮುಖ ನೆನಪಾಗಿ ಮತ್ತೆ ಏಳುತ್ತೇನೆ. ಸರೋಜ ನನಗೆ ಹೊಟ್ಟೆ ಸರಿಯಿಲ್ಲವೆಂದು ತಿಳಿದು ಓಮದ ಕಷಾಯ ಮಾಡಿಕೊಟ್ಟಳು.

ಭಾನುವಾರ ಮೇಷ್ಟ್ರು ಬಂದೇ ಬಂದರು. ನಾನು ಅವರನ್ನು ಚಿತ್ರಕ್ಕೆ ಬೆನ್ನು ಮಾಡಿ ಕೂರಿಸಿ, ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ, ಈ ಸಲ ಹೊಗೆಸೊಪ್ಪಿನ ಹರಾಜಿನ ಬಗ್ಗೆ ಒಂದೇ ಸಮನೆ ಮಾತಾಡಿದೆ. ಅವರು ಪಾಪ, ಕತ್ತು ತಿರುಗಿಸಲು ನನ್ನ ಮಾತಿನಲ್ಲಿ ಒಂದು ಸಂದು ಹುಡುಕುತ್ತಿದ್ದರು. ಅಷ್ಟರಲ್ಲಿ ಅತ್ತೆಯೇ ಒಳಗಿನಿಂದ ಬಂದು, “ನೀವೇನಪ್ಪಾ ನಮ್ ಗೌರೀನ ಬರೆದೋರು? ಎಲ್ಲಾ ಬರೆದು ಅಣೆ ಚುಕ್ಕಿ ಮರ್ತುಬುಟ್ಟಿದ್ರಿ. ನಾನು ಇಟ್ಟಿವ್ನಿ” ಎಂದರು.

ಮೇಷ್ಟ್ರು ಎದ್ದು ಹೋಗಿ ಚಿತ್ರದ ಹತ್ತಿರ ನಿಂತರು. ಸುಣ್ಣ ನೋಡಿದರು, ಅತ್ತೆಯನ್ನು ನೋಡಿದರು, ಪುನಃ ಸುಣ್ಣ ನೋಡಿದರು. ನಾನು ನೆಲ ನೋಡಿದೆ. “ಹೌದು ತಾಯಿ, ನಿಮ್ಮ ಹಸೂನೇ. ಚುಕ್ಕಿ ಬಿಟ್ಟುಹೋಗಿತ್ತು, ತಪ್ಪು ನನ್ನದೇ” ಎಂದರು. ಅತ್ತೆಯ ಮುಖ ಅರಳಿತು. ಒಳಗೆ ಹೋಗಿ ಮೇಷ್ಟ್ರಿಗೆ ಒಂದು ಲೋಟ ಮಜ್ಜಿಗೆ ತಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿದು, ಮನೆಗೆ ನಿಜವಾಗಿಯೂ ಏನೋ ದೊಡ್ಡದು ಬಂದಿದೆ ಎನಿಸಿತು. ನನ್ನ ಗೋಡೆಯ ಮೇಲಿರುವುದು ಬರೀ ಒರಿಜಿನಲ್ ಚಿತ್ರವಲ್ಲ, ಒರಿಜಿನಲ್ ಹಸುವಿನ ಒರಿಜಿನಲ್ ಚಿತ್ರ!

ಗೇಟಿನ ತನಕ ಕಳಿಸಲು ಹೋದಾಗ ಮೇಷ್ಟ್ರು ದನಿ ತಗ್ಗಿಸಿದರು. “ಸರ್, ಅವರಿಗೆ ಹೇಳಬೇಡಿ. ಆ ಹಸು ಅವರದ್ದಲ್ಲ. ಎನ್. ಬೇಗೂರಲ್ಲಿ ನಮ್ಮ ತಂಗಿ ಮನೆ ಹತ್ರ ಕಂಡಿದ್ದು. ಅದೂ ಹಸು ಅಲ್ಲ, ಎತ್ತು. ಹಸು ಆದ್ರೆ ಜನ ಇಷ್ಟಪಡ್ತಾರೆ ಅಂತ ಬದಲಾಯಿಸಿದೆ.” ನಾನು ಗೇಟನ್ನು ಹಿಡಿದುಕೊಂಡೆ. “ಜನಕ್ಕೂ ಇಷ್ಟ ಆಯ್ತು ನೋಡಿ, ಕೇಳಿಕೇಳಿ ಬರೆಸ್ಕೊಂಡ್ರು. ಕೆ.ಆರ್. ನಗರದಲ್ಲಿ ಒಬ್ಬರ ಮನೇಲಿದೆ, ಎಚ್.ಡಿ. ಕೋಟೆಯಲ್ಲಿ ಒಂದು ಹೋಟೆಲಲ್ಲಿದೆ, ನಿಮ್ಮ ಹುಣಸೂರಲ್ಲೇ ಇನ್ನೂ ಕೆಲವರ ಹತ್ರ ಇದೆ. ಎಲ್ಲಾ ಕೈಯಲ್ಲಿ ಬರೆದದ್ದೇ ಸರ್, ಮೋಸ ಇಲ್ಲ.” ಗೇಟು ದಾಟಿ, ತಿರುಗಿ ನಿಂತು ಸೇರಿಸಿದರು: “ಆದ್ರೆ ಹಣೇಲಿ ಚುಕ್ಕಿ ಇರೋದು ನಿಮ್ಮದೊಂದಕ್ಕೇ. ದಯವಿಟ್ಟು ಒರೆಸಬೇಡಿ.”

ಒಳಗೆ ಬಂದೆ. ಅತ್ತೆ ಚಾಪೆಯ ಮೇಲೆ ಕೂತು ಗೌರಿಯೊಂದಿಗೆ ಏನೋ ಮಾತಾಡುತ್ತಿದ್ದರು.  ಅವರು ಮಾತಾಡುತ್ತಿರುವುದು ಬೇಗೂರಿನ ಒಂದು ಎತ್ತಿನೊಂದಿಗೆ ಎಂದು ಹೇಳಿ ನಾನು ಗಳಿಸುವುದಾದರೂ ಏನು? ಅವರು ಊರಿಗೆ ಹೋದ ಮೇಲೆ ಈಗ ಆ ಚುಕ್ಕಿಯ ಕಾವಲು ನನ್ನ ಪಾಲಿಗೆ ಬಂದಿದೆ. ಸುಣ್ಣ ಒಣಗಿದಷ್ಟೂ ಉದುರುವ ವಸ್ತು. ಫ್ಯಾನ್ ಹಾಕಲು ಬಿಡುವುದಿಲ್ಲ, ಬಾಗಿಲು ಜೋರಾಗಿ ಮುಚ್ಚಲು ಬಿಡುವುದಿಲ್ಲ, ಸೀನುವವರನ್ನು ಹೊರಗೆ ಕಳಿಸುತ್ತೇನೆ. ನೆಂಟರು ಬಂದರೆ ಹಣೆಯನ್ನೇ ತೋರಿಸಿ, ಇಡೀ ಜಗತ್ತಿನಲ್ಲಿ ಇದೊಂದೇ ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತೇನೆ: ಚಿತ್ರ ಮೇಷ್ಟ್ರದು, ಚುಕ್ಕಿ ಅತ್ತೆಯದು, ಗೋಡೆ ಮನೆ ಮಾಲೀಕರದು. ನನ್ನದು ಅಂತ ಇರುವುದು ಮೊಳೆ ಒಂದೇ. ಅದೂ ಸ್ವಲ್ಪ ಅಲುಗಾಡುತ್ತಿದೆಯೇನೋ ಎಂದು ನಿನ್ನೆಯಿಂದ ಅನುಮಾನ. ಇರಿ, ಒಂದು ಸಲ ನೋಡಿ ಬರುತ್ತೇನೆ.