ಕಂಪ್ಯೂಟರಿಗೆ ಹೊದಿಸಿದ ಕೌದಿ

ಸತ್ಯ ಹೇಳುವುದಕ್ಕಿಂತ ಒಂದು ಫ್ಯಾನು ತರುವುದು ಸುಲಭ ಎಂದು ನಂಬಿ ಎಂಟು ತಿಂಗಳು ಕಳೆದವನು ನಾನು. ಹಾಗೆಂದು ನನ್ನನ್ನು ಸುಳ್ಳುಗಾರ ಎಂದುಕೊಳ್ಳಬೇಡಿ. ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಕಲಿಸುತ್ತಿದ್ದೆ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯಲು ಎಂದೂ ಹಿಂದೆಮುಂದೆ ನೋಡಿದವನಲ್ಲ. ಆದರೆ ಮನೆಯ ಹೊಸ್ತಿಲು ದಾಟಿದೊಡನೆ ನನ್ನ ನಾಲಿಗೆ ಮೆತ್ತಗಾಗುತ್ತದೆ. ನಮ್ಮವರ ಮುಖ ಸಣ್ಣದಾಗುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಮುಂದಿನ ಜೂನ್‌ನಿಂದ ಕಂಪ್ಯೂಟರ್ ಪಾಠವನ್ನೂ ನೀವೇ ಮಾಡಬೇಕು ಎಂದು ಪ್ರಾಚಾರ್ಯರು ಹೇಳಿಬಿಟ್ಟರು. ನಾನಾದರೋ ಆ ಯಂತ್ರವನ್ನು ಚಿತ್ರದಲ್ಲಿ ಮಾತ್ರ ಕಂಡವನು. ಪುಣೆಯ ಗೆಳೆಯನೊಬ್ಬ ತನ್ನ ಆಫೀಸಿನವರು ಮಾರಲು ತೆಗೆದ ಹಳೆಯದೊಂದನ್ನು ಕೊಡಿಸಿದ. ಅದು ದಸರೆಯ ಹೊತ್ತಿಗೆ ಬೆಳಗಾವಿಗೆ ಬಂದು ನಮ್ಮ ಪಡಸಾಲೆಯ ಮೇಜಿನ ಮೇಲೆ ಕುಳಿತಾಗ ಓಣಿಯ ಅರ್ಧ ಜನ ಬಾಗಿಲಲ್ಲಿದ್ದರು. ಅವ್ವ ಅದರ ಸುತ್ತ ಕಣ್ಣಾಡಿಸಿ, “ಇಷ್ಟು ತುಟ್ಟಿ ಸಾಮಾನು ಹಿಂಗ ಬರೇ ಮೈಲೆ ಇಡೂದೇನು?” ಎಂದಳು.

ನಮ್ಮ ಕಡೆ ಬೆಲೆಬಾಳುವ ವಸ್ತುವಿಗೆ ಮಾಡುವ ಮೊದಲ ಮರ್ಯಾದೆ ಎಂದರೆ ಅದನ್ನು ಮುಚ್ಚುವುದು. ಟ್ರಂಕಿಗೆ ಹೊದಿಕೆ, ಹೊಲಿಗೆ ಯಂತ್ರಕ್ಕೆ ಹೊದಿಕೆ, ಸೈಕಲ್ ಸೀಟಿಗೆ ಕುಚ್ಚು ಕಟ್ಟಿದ ಹೊದಿಕೆ. ಐವತ್ತರ ದಶಕದಲ್ಲಿ, ನಾನು ಹುಡುಗನಿದ್ದಾಗ, ಅಪ್ಪ ರೇಡಿಯೋ ತಂದಾಗ ಅವ್ವ ಅದಕ್ಕೆ ದಪ್ಪ ಬಟ್ಟೆಯ ಅಂಗಿ ಹೊಲಿದು ಗುಂಡಿ ಹಚ್ಚಿದ್ದಳು. ವಾರ್ತೆ ಓದುವವರಿಗೆ ವರ್ಷವಿಡೀ ನೆಗಡಿ ಎಂದೇ ನಾನು ತಿಳಿದಿದ್ದೆ. ಅಂಗಿ ಬಿಚ್ಚು ಎಂದು ಅಪ್ಪ ಒಂದು ದಿನವೂ ಹೇಳಲಿಲ್ಲ. ಕುರ್ಚಿಯನ್ನು ರೇಡಿಯೋದ ಹತ್ತಿರ ಎಳೆದುಕೊಂಡು ಕೂತರು.

ಕಂಪ್ಯೂಟರಿಗೆ ಅವ್ವ ಕೌದಿಯನ್ನೇ ಹೊಲಿದಳು. ತನ್ನ ಇಳಕಲ್ಲ ಸೀರೆ, ತೀರಿಹೋದ ಅಪ್ಪನ ಧೋತರ, ನಾನು ಸಾಲಿಗೆ ಹೋಗುವಾಗಿನ ಚಡ್ಡಿ, ಎಲ್ಲ ಚೂರುಗಳೂ ಅದರಲ್ಲಿದ್ದವು. ಪರದೆ ಕಾಣಲು ಚೌಕದ ಕಿಟಕಿ, ಫ್ಲಾಪಿ ತೂರಿಸಲು ಅಂಚು ಹೊಲಿದ ಸೀಳು. ಖಾನಾಪುರದ ಅವಳ ತವರಿನಲ್ಲಿ ಕೌದಿಯ ಹೊಟ್ಟೆಯನ್ನು ಬರಿದಾಗಿ ಬಿಡಬಾರದಂತೆ. ಕೊನೆಯ ಮೂಲೆಯಲ್ಲಿ ಚೂರು ರೊಟ್ಟಿ ಇಟ್ಟು ಹೊಲಿದಳು. ನೋಡಲು ಬಂದ ಹೆಂಗಸರು ಕಂಪ್ಯೂಟರನ್ನು ಮರೆತು ಕೌದಿಯ ಟಾಕಿಗಳನ್ನೇ, ಆ ಸಣ್ಣ ಸಣ್ಣ ಹೊಲಿಗೆಗಳನ್ನೇ, ಎಣಿಸಿದರು. ನನಗೂ ಅದು ಬಹಳ ಚೆಂದ ಕಂಡಿತು, ಇದು ಸುಳ್ಳಲ್ಲ.

ಅರ್ಧ ಗಂಟೆ ಓಡಿದರೆ ಸಾಕು, ಪರದೆಯ ಅಕ್ಷರಗಳು ನಡುಗುತ್ತಿದ್ದವು. ಆಮೇಲೆ ಯಾವ ಕೀಲಿ ಒತ್ತಿದರೂ ಯಂತ್ರ ಮಿಸುಕುತ್ತಿರಲಿಲ್ಲ. ಕಾರಣ ನನಗೆ ಮೊದಲ ದಿನವೇ ಗೊತ್ತಾಯಿತು. ಗಾಳಿಯಾಡುವ ಸಂದುಗಳೆಲ್ಲ ನಾಲ್ಕು ಪದರ ಬಟ್ಟೆಯ ಕೆಳಗಿದ್ದವು. “ಅವ್ವಾ, ಇದನ್ನ ತಗೀತೀನಿ” ಎಂದರೆ ಮುಗಿಯುತ್ತಿತ್ತು. ಆದರೆ ಪಡಸಾಲೆಯೇ ಅವಳ ಠಾಣೆ. ಪಕ್ಕದಲ್ಲೇ ಕುಳಿತು ಬತ್ತಿ ಹೊಸೆಯುತ್ತ, ನಡುನಡುವೆ ಕೌದಿಯ ಮೇಲೆ ಕೈಯಾಡಿಸುತ್ತಿದ್ದಳು. ಆ ಕೈ ನೋಡಿ ನಾನು, ಯಂತ್ರ ತಂಪು ಮಾಡುವ ಉಪಾಯ ಕೇಳಲು, ಲಾರಿ ಗ್ಯಾರೇಜುಗಳಿರುವ ಆಟೋ ನಗರಕ್ಕೆ ಹೋದೆ.

ಅಲ್ಲಿ ಲಾರಿ ರಿಪೇರಿ ಮಾಡುವ ಮಹಾದೇವ ಮಿಸ್ತ್ರಿ ನನ್ನ ಮಾತನ್ನೆಲ್ಲ ಕೇಳಿ, “ಸರ್, ಇಂಜಿನ್ ಕಾಯತೈತಿ ಅಂದ್ರ ಮೊದಲ ಒಂದು ಹೇಳ್ರಿ. ಬಾನೆಟ್ ಮ್ಯಾಲ ಏನರೆ ಹೊದಿಸೀರೇನು?” ಎಂದ. “ಇಲ್ಲ” ಎಂದೆ. ಡ್ರೈವರನ ಮುಖದ ಮುಂದೆ ತಿರುಗುವ ಸಣ್ಣ ಫ್ಯಾನು, ಅದಕ್ಕೊಂದು ಹಳೆಯ ಬ್ಯಾಟರಿ ಹಿಡಿದು ಮಿಸ್ತ್ರಿ ಮನೆಗೇ ಬಂದ. ಕೌದಿ ನೋಡಿದ, ನನ್ನನ್ನು ನೋಡಿದ, ಕೊನೆಗೆ ಅವ್ವನನ್ನು ನೋಡಿದ. ಲಾರಿ ಮಾಲೀಕರನ್ನೇ ಮುಖದ ಮೇಲೆ ಬಯ್ಯುವ ಆಸಾಮಿ ಅವನು. “ಭಾಳ ಛಂದ ಹೊಲದೀರಿ ಅವ್ವಾರ” ಎಂದವನೇ, ನನ್ನ ಕಿವಿಯಲ್ಲಿ, “ಸರ್, ಎರಡು ಫ್ಯಾನ್ ಬೇಕಾಗ್ತಾವ್ರಿ” ಎಂದ.

ಫ್ಯಾನು ತಿರುಗಿದ್ದೇ ತಡ, ಕೌದಿ ಗಾಳಿ ತುಂಬಿಕೊಂಡು ತುಂಬು ಬಸುರಿಯಂತೆ ಉಬ್ಬಿತು. ಯಂತ್ರ ಒಂದು ತಾಸು ಓಡಿತು. ಮರುದಿನ ನೋಡಿದರೆ, ಪಾಪ ಹಾರಿ ಬಿದ್ದೀತು ಎಂದು ಅವ್ವ ಕೌದಿಗೆ ನಾಲ್ಕು ಲಾಡಿ ಹೊಲಿದು ಮೇಜಿನ ಕಾಲಿಗೆ ಬಿಗಿದಿದ್ದಳು. ಖಾನಾಪುರದಿಂದ ಹೆಂಚು ತರಿಸಿ, ಅಡಿಯಿಂದ ಗಾಳಿಯಾಡಲೆಂದು ಯಂತ್ರವನ್ನು ಅವುಗಳ ಮೇಲೆ ಕೂಡಿಸಿದೆ. ಸಂದಿನಲ್ಲಿ ಇಲಿ ಹೊಕ್ಕೀತೆಂದು ಅವಳು ಕೆಳಗೊಂದು ನೆರಿಗೆಬಟ್ಟೆಯ ಝಾಲರು ಹಚ್ಚಿದಳು. ನಾನು ತಂಪು ಮಾಡಿದಷ್ಟೂ ಅವಳು ಬೆಚ್ಚಗೆ ಮಾಡುತ್ತಿದ್ದಳು. ಜೂನ್ ಹತ್ತಿರ ಬರುತ್ತಿತ್ತು, ನನಗೆ ಇನ್ನೂ ಹತ್ತು ಸಾಲಿನ ಪ್ರೋಗ್ರಾಮು ಪೂರ್ತಿ ಬರೆಯಲು ಆಗಿರಲಿಲ್ಲ.

ಮೇ ತಿಂಗಳಲ್ಲಿ ಅವ್ವ ತನ್ನ ತಮ್ಮನ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಖಾನಾಪುರಕ್ಕೆ ಹೋದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದವನೇ ಲಾಡಿ ಬಿಚ್ಚಿದೆ. ಎಂಟು ದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಎಂಟು ತಿಂಗಳಲ್ಲಿ ಕಲಿಯದ್ದನ್ನು ಆ ಎಂಟು ದಿನಗಳಲ್ಲಿ ಕಲಿತೆ. ಅವಳು ಬರುವ ದಿನ ಮೊದಲಿನಂತೆಯೇ ಹೊದಿಸಿ, ಲಾಡಿ ಬಿಗಿದು, ಏನೂ ಅರಿಯದವನಂತೆ ಪೇಪರು ಹಿಡಿದು ಕುಳಿತೆ.

ಅವ್ವ ಚೀಲ ಇಳಿಸಿ, ಕಾಲು ತೊಳೆದು ಬಂದು ನಿಂತಳು. “ಈ ಗಂಟು ನಂದಲ್ಲ. ತಗದಿದ್ದಿ ಹೌದಿಲ್ಲೊ?”

“ಹೂಂ. ಅದಕ್ಕ ಕಾವು ಆಗತೈತಿ ಅವ್ವಾ.”

“ಯಾವಾಗಿಂದ?”

“ಮೊದಲನೇ ದಿನದಿಂದ.”

ಅವಳು ಮೇಜಿನ ಕಾಲಿನ ಹತ್ತಿರ ಕೂತಳು. ಆಮೇಲೆ ಒಂದೊಂದೇ ಲಾಡಿ ಬಿಚ್ಚುತ್ತ ಅಂದಳು: “ಕೌದಿ ತಪ್ಪಿದ್ರ ಬಿಚ್ಚಿ ಮತ್ತ ಹೊಲೀತಿದ್ದೆ. ತಾಯಿ ಮುಂದ ಖರೇ ಹೇಳಾಕ ಅಂಜಿದಿ ನೋಡು, ಅದನ್ನ ಹೆಂಗ ಹೊಲೀಲಿ?”

ಯಾವ ಮುಖ ಸಣ್ಣದಾಗಬಾರದೆಂದು ಇಷ್ಟೆಲ್ಲ ಮಾಡಿದೆನೋ ಅದೇ ಮುಖ ಸಣ್ಣದಾಗಿತ್ತು, ಅದೂ ಕೌದಿ ತೆಗೆದದ್ದಕ್ಕಲ್ಲ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. “ತಪ್ಪಾತವ್ವಾ, ಇನ್ನ ಏನಿದ್ರೂ ಹೇಳತೀನಿ” ಎಂದೆ, ಮನಸಾರೆ. ಅವಳು ಕೌದಿಯ ಕಿಟಕಿಗೊಂದು ತೇಪೆ ಇಟ್ಟು ಹೊಲಿಯಲು ಕೂತಳು, ತನ್ನ ಮೊಣಕಾಲಿಗೆ ಹೊದೆಯಲು ಆಗುತ್ತದೆ ಎಂದು.

ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡ ನನ್ನ ಹೆಂಡತಿ ಊಟಕ್ಕೆ ಬಡಿಸುವಾಗ ಕೈ ತಡೆದಳು. “ಹದಿನಾರು ವರ್ಷಾತು, ನನ್ನ ಝುಣಕಾ ಛಲೋ ಆಗೇತಿ ಅಂತೀರಿ. ಇವತ್ತ ಖರೇ ಹೇಳ್ರಿ, ಹೆಂಗಿರತೈತಿ?”

ಕಡಲೆಹಿಟ್ಟಿನ ಆ ಝುಣಕವನ್ನು ನೀರಿನ ಸಹಾಯವಿಲ್ಲದೆ ನಾನು ಎಂದೂ ನುಂಗಿದವನಲ್ಲ. ಅವ್ವ ಹೊಲಿಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು. ಹೆಂಡತಿಯೂ ನೋಡುತ್ತಿದ್ದಳು.

“ಛಲೋನ ಇರತೈತಿ” ಎಂದೆ. “ಇನ್ನೊಂದೀಟು ಹಾಕು.”