ಅಪ್ಪನ ಬೈಕಿನ ಬಿಕ್ಕಳಿಕೆ

ಡುಗ್, ಡುಗ್, ಡುಗ್... ಹಿಕ್!

ಸಂಜೆ ಆರೂಕಾಲಿಗೆ ನಮ್ಮ ಬೀದಿಯ ತಿರುವಿನಲ್ಲಿ ಕೇಳಿಸುತ್ತಿದ್ದ ಸದ್ದು ಇದು. ಮೂರು ಬಡಿತ, ಒಂದು ಬಿಕ್ಕಳಿಕೆ. ಮತ್ತೆ ಮೂರು ಬಡಿತ, ಮತ್ತೊಂದು ಬಿಕ್ಕಳಿಕೆ. ಈ ಸದ್ದು ಕೇಳಿದೊಡನೆ ಆಟ ಬಿಟ್ಟು ಓಡಿಬಂದು, ಇಡೀ ಸಂಜೆ ಓದಿದವನ ಮುಖ ಹೊತ್ತು ಪುಸ್ತಕದ ಮುಂದೆ ಕೂರುವುದರಲ್ಲೇ ನನ್ನ ಬಾಲ್ಯ ಕಳೆಯಿತು. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಬೈಕು ನನ್ನ ಕೈಗೆ ಬಂತು, ಬಿಕ್ಕಳಿಕೆಯ ಸಮೇತ.

ಅಪ್ಪ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದರು. ಆಳೆತ್ತರದ ಪಂಪುಗಳು ಅವರ ಕೈಯಲ್ಲಿ ಜೋಗುಳ ಹಾಡಿದ ಹಾಗೆ ಓಡುತ್ತಿದ್ದವು. ಅಂಥವರ ಸ್ವಂತ ಬೈಕಿಗೆ ಮಾತ್ರ ಬಿಕ್ಕಳಿಕೆ! ಕೇಳಿದರೆ, "ಅದರ ಪಾಡಿಗೆ ಅದು ಇರಲಿ ಬಿಡೋ" ಎನ್ನುತ್ತಿದ್ದರು. ಪಾಪ, ಮನೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ, ಕೈಲಾಗುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ.

ಈ ಬಿಕ್ಕಳಿಕೆಯನ್ನು ನಿಲ್ಲಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟದ್ದು ಕಚೇರಿಯ ಒಬ್ಬ ಸಹೋದ್ಯೋಗಿಯಿಂದ. ಅವನನ್ನು ಎಲ್ಲರೂ 'ಅರವತ್ತು' ಎಂದೇ ಕರೆಯುವುದು. ವಯಸ್ಸಿನಿಂದಲ್ಲ, ತನ್ನ ಬೈಕು ಲೀಟರಿಗೆ ಅರವತ್ತು ಕಿಲೋಮೀಟರ್ ಓಡುತ್ತದೆಂದು ದಿನಕ್ಕೆ ಮೂರು ಸಲ ಹೇಳುತ್ತಾನೆ, ಅದಕ್ಕೆ.

"ನಿನ್ನದೆಷ್ಟು ಕೊಡುತ್ತೆ?" ಎಂದ ಒಂದು ದಿನ.

"ಮೂವತ್ತೆಂಟು."

"ಹಾಗಾದ್ರೆ ಅದು ಬೈಕಲ್ಲ, ಪೆಟ್ರೋಲ್ ಬಂಕಿನ ಅಳಿಯ!"

ಆ ಭಾನುವಾರವೇ ಅಂಗಳದಲ್ಲಿ ಹಳೆಯ ಚಾಪೆ ಹಾಸಿ, ಸ್ಕ್ರೂಡ್ರೈವರ್ ಎತ್ತಿ ಹಿಡಿದು ಹೆಂಡತಿಗೆ ಘೋಷಿಸಿದೆ: "ನೋಡ್ತಾ ಇರು! ಸಂಜೆಯೊಳಗೆ ಈ ಗಾಡಿ ಪೆಟ್ರೋಲನ್ನು ಬರೀ ಮೂಸಿ ನೋಡಿ ಓಡಬೇಕು!"

"ಮೊನ್ನೆ ಮಿಕ್ಸಿ ರಿಪೇರಿ ಮಾಡಿದ್ರಲ್ಲ, ಅದೂ ಹಾಗೇ ಆಗಿದೆ," ಎಂದಳು. "ಕಾಳನ್ನ ಮೂಸಿ ನೋಡುತ್ತೆ. ಅರೆಯಲ್ಲ."

ಇಂಥ ಮಾತಿಗೆಲ್ಲ ಕಿವಿಗೊಟ್ಟಿದ್ದರೆ ಜಗತ್ತಿನಲ್ಲಿ ಚಕ್ರವೇ ಹುಟ್ಟುತ್ತಿರಲಿಲ್ಲ!

ಕಾರ್ಬೊರೇಟರ್ ಎಂದರೆ ಎಂಜಿನ್ನಿನ ಅಡುಗೆಮನೆ. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಬಡಿಸುವುದು ಅದರ ಕೆಲಸ. ಅದರ ಪಕ್ಕದಲ್ಲಿ ಹಿತ್ತಾಳೆಯದೊಂದು ಪುಟ್ಟ ಸ್ಕ್ರೂ. ಸಡಿಲಿಸಿದರೆ ಗಾಳಿ ಹೆಚ್ಚು, ಬಿಗಿ ಮಾಡಿದರೆ ಕಡಿಮೆ. ಅದನ್ನು ಕಳಚುವ ಮೊದಲು ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಮತ್ತೆ ಜೋಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ. ಇದು ಈ ವಿದ್ಯೆಯ ಮೊದಲ ಪಾಠ. ನಾನೂ ಎಣಿಸತೊಡಗಿದೆ, ದೇವರಾಣೆ! ಅರ್ಧ ಸುತ್ತಾಯಿತು, ಮುಕ್ಕಾಲಾಯಿತು, ಅಷ್ಟರಲ್ಲಿ ಒಳಗಿಂದ ಕೂಗು.

"ರೀ! ಹಾಲಿನ ಪಾತ್ರೆ ಎಲ್ಲಿ?"

"ಇಲ್ಲಿದೆ."

"ಅದರಲ್ಲೇನಿದೆ?"

"ಪೆಟ್ರೋಲು. ಬಿಡಿಭಾಗ ತೊಳೆಯೋಕೆ ಅಗಲವಾದ ಪಾತ್ರೆ ಬೇಕಿತ್ತು..."

ಆಮೇಲಿನ ಹತ್ತು ನಿಮಿಷದ ಸಂವಾದ ಇಲ್ಲಿ ಬೇಡ. ಅದು ಮುಗಿಯುವ ಹೊತ್ತಿಗೆ ಸ್ಕ್ರೂ ನನ್ನ ಅಂಗೈಯಲ್ಲಿತ್ತು. ಎಣಿಕೆ ಮಾತ್ರ ಎಲ್ಲೂ ಇರಲಿಲ್ಲ. ಹೋದರೆ ಹೋಗಲಿ! ಬಿಕ್ಕಳಿಕೆಗೆ ಮೂಲವೇ ಆ ಎಣಿಕೆ ತಾನೆ?

ತೊಳೆದೆ, ಊದಿದೆ, ಜೋಡಿಸಿದೆ. ಸ್ಕ್ರೂ ಸಡಿಲಿಸಿ ಗಾಳಿಯನ್ನು ಧಾರಾಳವಾಗಿ ಬಿಟ್ಟೆ. ಕಿಕ್ ಹೊಡೆದರೆ, ಆಹಾ, ಹೊಲಿಗೆ ಯಂತ್ರದ ಹಾಗೆ ಓಡಿತು! ನೂರು ಎಂ.ಎಲ್. ಪೆಟ್ರೋಲನ್ನು ಬಾಟಲಿಯಲ್ಲಿ ನೇತುಹಾಕಿ ಪರೀಕ್ಷೆಗೆ ಹೊರಟೆ. ಸರಿಯಾಗಿ ಐದು ಕಿಲೋಮೀಟರ್ ಇನ್ನೂರು ಮೀಟರ್ ಹೋಗಿ ನಿಂತಿತು. ಲೀಟರಿಗೆ ಐವತ್ತೆರಡು! ಆನಂದದಿಂದ ಕಣ್ಣು ತುಂಬಿತು. ವಾಪಸು ಬರಲು ಪೆಟ್ರೋಲ್ ಇಟ್ಟುಕೊಂಡಿಲ್ಲವೆಂದು ಆಮೇಲೆ ಹೊಳೆಯಿತು.

ಬೆವರು ಸುರಿಸುತ್ತ ಬೈಕು ತಳ್ಳಿಕೊಂಡು ಬಂದವನನ್ನು ನೋಡಿ ಹೆಂಡತಿ, "ತಳ್ಳಿದ್ದನ್ನೂ ಸೇರಿಸಿದ್ರೆ ನೂರಾ ನಾಲ್ಕು ಆಯ್ತಲ್ಲ!" ಎಂದಳು.

ಇಲ್ಲಿಗೆ ಮುಗಿದಿದ್ದರೆ ಇದೊಂದು ವಿಜಯಗಾಥೆ.

ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟ ಮೇಲೂ ಸಂಜೆಯ ಟೀ ಮಾತ್ರ ಅಮ್ಮನದೇ. ನಾನು ಬಾಗಿಲಲ್ಲಿ ಬೂಟು ಬಿಚ್ಚುವಷ್ಟರಲ್ಲಿ ಹಬೆಯಾಡುವ ಲೋಟ ಕೈಗೆ ಬರುತ್ತಿತ್ತು. ಇದೆಲ್ಲ ನನ್ನ ಸಮಯಪಾಲನೆಯ ಮಹಿಮೆಯೆಂದು ಕಚೇರಿ ತುಂಬ ಹೇಳಿಕೊಂಡು ತಿರುಗಿದ್ದೆ.

ಸೋಮವಾರ ಬೂಟು ಬಿಚ್ಚಿದೆ. ಲೋಟ ಬರಲಿಲ್ಲ. ಅಮ್ಮ ಕಿಟಕಿಯ ಬಳಿ ಕೂತು ಬೀದಿಗೆ ಕಿವಿಯಿಟ್ಟಿದ್ದಳು. ಹೆಜ್ಜೆ ಸಪ್ಪಳ ಸೊಸೆಯದೆಂದುಕೊಂಡು, ತಿರುಗಿ ನೋಡದೆ, "ಯಾಕಮ್ಮ, ಇವತ್ತು ಇಷ್ಟು ಹೊತ್ತಾದ್ರೂ ಬರಲಿಲ್ಲ ಅವನು?" ಎಂದು ನನ್ನನ್ನೇ ಕೇಳಿದಳು.

ಮಂಗಳವಾರ ಗಡಿಯಾರ ನಂಬಿ ನೀರಿಟ್ಟಳು. ನಾನು ಅರ್ಧ ಗಂಟೆ ತಡ, ಟೀ ಕಷಾಯವಾಗಿತ್ತು. ಬುಧವಾರ ಯಾವುದೋ ಗಾಡಿಯ ಸದ್ದು ನಂಬಿದಳು. ಆ ಟೀಯನ್ನು ಪಾರ್ಸೆಲ್ ತಂದವನು ಕುಡಿದು, "ಚೆನ್ನಾಗಿತ್ತಮ್ಮ" ಎಂದು ಹೊಗಳಿ ಹೋದ. ಗುರುವಾರ ಅವಳು ಪಾತ್ರೆ ಹಿಡಿದು ತಿರುಗುವ ಹೊತ್ತಿಗೆ ನಾನು ಬೆನ್ನ ಹಿಂದೆಯೇ ನಿಂತು "ಅಮ್ಮಾ" ಎಂದೆ. ಬೆಚ್ಚಿಬಿದ್ದಳು. ಇಡೀ ಟೀ ನನ್ನ ಬಲಗಾಲಿನ ಮೇಲೆ!

ನಾನು ಒಂಟಿಕಾಲಿನಲ್ಲಿ ಅಡುಗೆಮನೆ ತುಂಬ ಕುಣಿದೆ. ಹೆಂಡತಿ ತಣ್ಣೀರು ಸುರಿದಳು. ಅಮ್ಮ ಮಾತ್ರ ತನ್ನ ಪಾದದ ಮೇಲಿನ ಹಳೆಯ ಕಲೆಯನ್ನೇ ನೋಡುತ್ತ ನಿಂತಿದ್ದಳು.

"ಆ ಸದ್ದು ಎಲ್ಲಿ ಹೋಯ್ತೋ?" ಎಂದಳು ಮೆಲ್ಲಗೆ.

"ಯಾವ ಸದ್ದಮ್ಮ?"

"ನಿಮ್ಮಪ್ಪನದು."

ಸುಟ್ಟ ಕಾಲಿನ ಉರಿ ಆ ಕ್ಷಣ ಮರೆತೇಹೋಯಿತು. ಬೇರೆಲ್ಲೋ ಉರಿಯಿತು.

ಮಾರನೆಯ ದಿನ ಕುಂಟುತ್ತ ಹಳೆಯ ಮೆಕ್ಯಾನಿಕ್ಕಿನ ಬಳಿ ಹೋದೆ. ಅಪ್ಪನ ಕಾಲದಿಂದ ಬೈಕಿನ ನಾಡಿ ಹಿಡಿದವರು.

"ಆ ಸ್ಕ್ರೂನಾ?" ಎಂದರು. "ನಿಮ್ಮಪ್ಪ ಅದನ್ನ ನನಗೇ ಮುಟ್ಟೋಕೆ ಬಿಟ್ಟಿರಲಿಲ್ಲ. ಏನು ಬೇಕಾದ್ರೂ ಬಿಚ್ಚು, ಅದೊಂದನ್ನ ಬಿಡು ಅಂತಿದ್ರು. ಎಷ್ಟು ಸುತ್ತಿತ್ತು, ಎಣಿಸಿದೀಯ ತಾನೆ?"

"ಎಣಿಸ್ತಾ ಇದ್ದೆ. ಹಾಲಿನ ಪಾತ್ರೆ ಅಡ್ಡ ಬಂತು."

"ನಲವತ್ತು ವರ್ಷದ ಸರ್ವಿಸಲ್ಲಿ ಈ ಕಾರಣ ಇವತ್ತೇ ಕೇಳಿದ್ದು!" ಮೆಕ್ಯಾನಿಕ್ಕು ಕೈ ಒರೆಸಿಕೊಂಡರು. "ಸರಿ ಮಾಡು ಅಂದ್ರೆ ಮಾಡಿಕೊಡ್ತೀನಪ್ಪ. ಮೊದಲಿನ ಹಾಗೇ ಕೆಡಿಸಿಕೊಡು ಅಂದ್ರೆ ಹೇಗೆ? ಗಾಡಿ ಕೆಡೋಕೆ ಸಾವಿರ ದಾರಿ ಇದೆ. ನಿಮ್ಮಪ್ಪನ ದಾರಿ ನಿಮ್ಮಪ್ಪನಿಗೇ ಗೊತ್ತು."

ಭಾನುವಾರ ಮತ್ತೆ ಅಂಗಳ, ಮತ್ತೆ ಚಾಪೆ. ಹೋದ ವಾರ ಸರಿ ಮಾಡಲು ಪಟ್ಟ ಕಷ್ಟದ ಹತ್ತರಷ್ಟನ್ನು ಈಗ ಕೆಡಿಸಲು ಪಟ್ಟೆ! ಈ ಸಲ ಹೆಂಡತಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಬರೆಯುತ್ತಿದ್ದಳು. ನನ್ನ ಎಣಿಕೆಯ ಮೇಲೆ ಮನೆಯಲ್ಲಿ ಯಾರಿಗೂ ಭರವಸೆ ಉಳಿದಿರಲಿಲ್ಲ. ಬೈಕು ಸೀನಿತು, ಕೆಮ್ಮಿತು, ಗೊರಕೆ ಹೊಡೆಯಿತು. ಏನು ಮಾಡಿದರೂ ಬಿಕ್ಕಳಿಸಲಿಲ್ಲ.

ಅಮ್ಮ ಸ್ಟೂಲು ತಂದು ಹೊಸ್ತಿಲ ಬಳಿ ಹಾಕಿಕೊಂಡು ಕೂತು ಕಣ್ಣು ಮುಚ್ಚಿದಳು.

"ಇದು ಔಷಧಿ ಅಂಗಡಿಯವರ ಗಾಡಿ," ಎಂದಳು. "ಬಿಗಿ ಮಾಡು."

ಕಾಲು ಸುತ್ತು ಬಿಗಿ ಮಾಡಿದೆ.

"ಇದು ಟೈಪಿಂಗ್ ಟೀಚರದ್ದು. ಇನ್ನೂ."

ಬಿಗಿ ಮಾಡಿದೆ.

"ಇದು ನಿಮ್ಮ ಚಿಕ್ಕಪ್ಪ. ಊಟದ ಹೊತ್ತಿಗೆ ಬರೋ ಅವಸರ ನೋಡು!"

"ಅತ್ತೇ, ಇಷ್ಟೊಂದು ಗಾಡಿ ಗುರುತಿದ್ಯಾ ನಿಮಗೆ?" ಸೀಮೆಸುಣ್ಣ ಹಿಡಿದವಳು ಬೆರಗಾದಳು.

"ಎಲ್ಲರದೂ ಗೊತ್ತಿದ್ರೆ ತಾನೆ, ಇದು ಅವರದಲ್ಲ ಅಂತ ಬಿಡೋಕಾಗೋದು?"

"ಅಷ್ಟು ದೊಡ್ಡ ಪಂಪುಗಳನ್ನ ಸರಿ ಇಟ್ಟವರು," ಎಂದೆ ನಾನು, "ಅಪ್ಪ ಇದನ್ಯಾಕಮ್ಮ ಸರಿ ಮಾಡಲಿಲ್ಲ?"

ಅಮ್ಮ ಕಣ್ಣು ತೆರೆಯಲಿಲ್ಲ. "ಹೊಸದರಲ್ಲಿ ಗಾಡಿ ಸರಿಯಾಗೇ ಇತ್ತು ಕಣೋ. ಒಂದಿನ ಹಾಗೇ ಸುಳಿವು ಕೊಡದೆ ಬಂದು ಹಿಂದೆ ನಿಂತ್ರು. ನಾನು ಬೆಚ್ಚಿ, ಕುದಿಯೋ ನೀರು ಕಾಲ ಮೇಲೆ ಹಾಕ್ಕೊಂಡೆ. ಭಾನುವಾರ ಸ್ಕ್ರೂಡ್ರೈವರ್ ತಗೊಂಡು ಇಲ್ಲೇ ಕೂತ್ರು. ಒಳಗಿಂದ ನಾನು, 'ಹ್ಞಾಂ, ಇದು ನಂಗೆ ಗುರುತು ಸಿಗುತ್ತೆ' ಅನ್ನೋವರೆಗೂ ತಿರುಗಿಸಿದ್ರು."

ನನ್ನ ಕೈ ಸ್ಕ್ರೂ ಮೇಲೆಯೇ ನಿಂತಿತು.

"ಯಾಕೆ ನಿಲ್ಲಿಸ್ದೆ? ಇನ್ನೊಂದು ಎಳೆ ಬಿಗಿ ಮಾಡು."

ಮಾಡಿದೆ.

ಡುಗ್, ಡುಗ್, ಡುಗ್... ಹಿಕ್!

"ಒಂದೂಕಾಲು ಸುತ್ತು!" ಹೆಂಡತಿ ಗೋಡೆಯ ಮೇಲೆ ದೊಡ್ಡದಾಗಿ ಬರೆದಳು.

"ಸಿಕ್ತಮ್ಮಾ!" ಎಂದು ಕೂಗಿದೆ. ಕೂಗಿದ ಮೇಲೂ ಹಳೆಯ ಹುಳು ಬಿಡಲಿಲ್ಲ. "ಆದ್ರೆ ಮತ್ತೆ ಮೂವತ್ತೆಂಟಕ್ಕೇ ಬಂತಲ್ಲ. ನಾಳೆ ಆ ಅರವತ್ತರವನಿಗೆ ಏನು ಹೇಳ್ಲಿ?"

"ಅವನಿಗೆ ಹೇಳು," ಎಂದು ಅಮ್ಮ ಶುರುಮಾಡಿದಳು, "ಅರವತ್ತು ಓಡಿದ್ರೂ ಕೊನೆಗೆ ಮನೆಗೆ ಬಂದಾಗ..."

ಹಿಕ್!

ಅಮ್ಮ ಕಣ್ಣು ತೆರೆದಳು. ಮೊಣಕಾಲು ಹಿಡಿದು ಎದ್ದಳು.

"ಬಂದಾಗ ಏನಮ್ಮ?" ಎಂದೆ. "ಏನು ಹೇಳ್ಲಿ ಅವನಿಗೆ?"

ಅವಳಾಗಲೇ ಒಳಗೆ ಹೊರಟುಹೋಗಿದ್ದಳು, ಬೆಳಿಗ್ಗೆ ಹತ್ತೂವರೆಗೆ, ಸಂಜೆಯ ಟೀಗೆ ನೀರಿಡಲು.