ನಾಲ್ಕು ಎಕರೆಗೆ ನಲವತ್ತೊಂದು ಕೋರಿಕೆ

ಮಾನ್ಯ ‘ಕೊಂಡಿ’ ತಂತ್ರಾಂಶದ ಸನ್ನಿಧಿಗೆ,

ಮಾನ್ಯರೇ, ಸಿಂಧನೂರಿನ ಕಟಾವು ಯಂತ್ರ ಬಾಡಿಗೆ ಕಚೇರಿಯ ವ್ಯವಸ್ಥಾಪಕ ಪಂಪಾಪತಿ ಮೌಸನ್ನು ಬದಿಗಿಟ್ಟು ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು. ಕೊಂಡಿಯೆಂದರೆ ಸರಪಳಿಯದು ಎಂದು ಹೇಳಿ ತಮ್ಮನ್ನು ನಮಗೆ ಮಾರಿದರು. ಚೇಳಿಗೂ ಒಂದಿರುತ್ತದೆಂದು ನಮಗೆ ಹೊಳೆದದ್ದು ಈ ವಾರ.

ತಮ್ಮ ಕೆಲಸ ಸರಳ. ರೈತರು ಮೊಬೈಲಿನಲ್ಲಿ ತುಂಬಿದ ಅರ್ಜಿಯನ್ನು ಯಂತ್ರಗಳ ಮಾಲೀಕರು ಲಿಂಗಸುಗೂರಿನಲ್ಲಿ ಇಟ್ಟಿರುವ ಸರ್ವರ್‌ಗೆ ಮುಟ್ಟಿಸಿದರೆ, ಮಸ್ಕಿಯಲ್ಲಿ ನಿಂತ ಯಂತ್ರಕ್ಕೆ ಅಲ್ಲಿಂದ ಹುಕುಂ ಹೋಗುತ್ತದೆ. ಸೋಮವಾರ ತುರ್ವಿಹಾಳದ ಕಸ್ತೂರೆಮ್ಮನವರು ನಾಲ್ಕು ಎಕರೆಗೆ ಅರ್ಜಿ ಹಾಕಿ, ಬೆನ್ನಿಗೇ ಫೋನ್ ಮಾಡಿ, “ಸರ, ನೆಲ್ಲು ಬಾಗಿ ನೆಲಾ ಹಿಡಿಯಾಕತ್ತೈತಿ, ಮೋಡಾನೂ ಆಗೈತಿ. ಬುಧವಾರದೊಳಗ ಮಷಿನ್ ಬರಲಿಲ್ಲಂದ್ರ ಕುಡುಗೋಲು ತಗೊಂಡು ನಿಮ್ಮ ಆಫೀಸಿಗೇ ಬರ್ತೀನಿ ನೋಡ್ರೀ” ಎಂದರು. ಕಚೇರಿಯಲ್ಲಿ ಕೊಯ್ಯುವಂಥದ್ದು ಏನಿದೆಯೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ತಾವಾದರೋ ಕೆಂಪಗೆ ಹೊಳೆದು ‘401, ಅನುಮತಿ ಇಲ್ಲ’ ಎಂದು ಅಪ್ಪಣೆ ಕೊಡಿಸಿದಿರಿ. ಏಕೆಂದು ತಿಳಿಸುವುದು ತಮ್ಮ ಘನತೆಗೆ ತಕ್ಕುದಲ್ಲವಾದ್ದರಿಂದ ತಿಳಿಸಲಿಲ್ಲ. ತಪ್ಪು ನಮ್ಮದೂ ಇದೆ. ನಮ್ಮ ಸೀಮೆಯಲ್ಲಿ ಮೊದಲ ಸಲ ಬೇಡ ಎನ್ನುವುದು ಬರೀ ಮರ್ಯಾದೆ. ನಮ್ಮ ಗುಮಾಸ್ತ ಶಿವರಾಜ, “ಬೀಗರು ಸುದ್ದಾ ಮೊದಲ ಬ್ಯಾಡ ಬ್ಯಾಡ ಅಂತಾರ್ರೀ ಸರ, ಆಮ್ಯಾಲ ನಾಕು ಹೋಳಿಗಿ ಹೊಡಿತಾರ. ಒತ್ತಾಯ ಮಾಡಬೇಕ್ರೀ!” ಎನ್ನುತ್ತ ‘ಮತ್ತೆ ಪ್ರಯತ್ನಿಸಿ’ ಗುಂಡಿಯನ್ನು ನಲವತ್ತು ಸಲ ಒತ್ತಿ ಉಪಚಾರ ಮಾಡಿದ. ತಾವು ‘429, ಕೋರಿಕೆ ಅತಿಯಾಯಿತು’ ಎಂದು ಎಲೆ ಮಡಚಿ ಎದ್ದುಬಿಟ್ಟಿರಿ.

ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಅನುಪಮಾ ತಮ್ಮ ದಾಖಲೆಗಳನ್ನು ಸಾಲುಸಾಲಾಗಿ ಓದಿ ಬುಧವಾರ ಮಧ್ಯಾಹ್ನ ಕಂಡುಹಿಡಿದದ್ದೇನೆಂದರೆ, ಸರ್ವರ್‌ನ ಬಾಗಿಲು ತೆರೆಯುವ ಗುಪ್ತ ಕೀಲಿಯ ಅವಧಿ ಭಾನುವಾರವೇ ಮುಗಿದಿತ್ತು. ಹೊಸ ಕೀಲಿ ಹಾಕಿದ್ದೇ ತಡ, ತಾವು ಹಸಿರಾಗಿ, ಕೂಡಿಟ್ಟುಕೊಂಡಿದ್ದ ನಲವತ್ತೊಂದು ಕೋರಿಕೆಗಳನ್ನೂ ಒಂದೂ ಬಿಡದೆ ಕಳಿಸಿದಿರಿ. ಎಂಥ ನಿಷ್ಠೆ!

ಅಷ್ಟರಲ್ಲಿ ಕಸ್ತೂರೆಮ್ಮನವರು ಮಸ್ಕಿಯ ಚಾಲಕ ವಿರೇಶನಿಗೆ ಫೋನ್ ಹಚ್ಚಿ, “ಲೇ ವಿರೇಶ, ಬರ್ತೀಯೋ ಇಲ್ಲೋ?” ಎಂದು ಎರಡೇ ಮಾತಿನಲ್ಲಿ ಕರೆಸಿಕೊಂಡು, ಬೆಳಿಗ್ಗೆಯೇ ಕೊಯ್ಯಿಸಿ ಚೀಲ ತುಂಬಿಸಿಯಾಗಿತ್ತು. ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕಿನ ಯಂತ್ರಗಳೆಲ್ಲ ಅವರ ಬೋಳು ಹೊಲಕ್ಕೇ ಮೀಸಲು. ಜವಳಗೇರಾದ ಜೋಗಮ್ಮನವರ ಭತ್ತ ನಿಂತೇ ಇದೆ. ಯಂತ್ರ ಖಾಲಿ ಇಲ್ಲವೆಂದು ತಾವು ಅವರಿಗೆ ಸವಿನಯವಾಗಿ ತಿಳಿಸಿದ್ದೀರಿ.

ಆದಕಾರಣ ತಾವು ದಯವಿಟ್ಟು ಆ ಕೋರಿಕೆಗಳನ್ನು ರದ್ದು ಮಾಡಬೇಕು. ಮನಸ್ಸಿಗೆ ನೋವಾಗುವುದಾದರೆ, ಕಸ್ತೂರೆಮ್ಮನವರ ಹೊಲದಲ್ಲಿ ದಿನಕ್ಕೊಂದು ಬೆಳೆಯಂತೆ ಇನ್ನು ನಲವತ್ತು ಬೆಳೆ ಬೆಳೆದುಕೊಡಬೇಕು. ನೀರು ಕಾಲುವೆಯದು, ಗೊಬ್ಬರ ನಮ್ಮದು.

ಕೀಲಿಯ ಅವಧಿ ಇರುವವರೆಗೆ
ತಮ್ಮ ವಿಶ್ವಾಸಿ,
ಪಂಪಾಪತಿ

ಮರೆತ ಮಾತು: ತಮ್ಮ ಹುಕುಮುಗಳನ್ನು ಲೆಕ್ಕಿಸದೆ ವಿರೇಶ ಈಗಷ್ಟೇ ಜೋಗಮ್ಮನವರ ಹೊಲಕ್ಕೆ ಹೊರಟ. ಅವನ ನಂಬರನ್ನು ಕಚೇರಿಯ ಗೋಡೆಗೆ ದೊಡ್ಡದಾಗಿ ಬರೆಸಿದ್ದೇವೆ. ಐದು ವರ್ಷ ಮಾಸುವುದಿಲ್ಲವೆಂದು ಪೇಂಟರ್ ವಾಸಿಂ ಮಾತು ಕೊಟ್ಟಿದ್ದಾನೆ. ತಮ್ಮ ಕಂಪನಿ ಒಂದು ವಾರದ್ದೂ ಕೊಟ್ಟಿಲ್ಲ.